ಮುಟ್ಟಿ ನೋಡುತ್ತಿದ್ದ ಸದಾನಂದಣ್ಣ

ಯಾವುದನ್ನಾದರೂ ಸರಿಯಾಗಿ ನೋಡಬೇಕೆಂದರೆ ಸದಾನಂದಣ್ಣ ಮೊದಲು ಕಣ್ಣು ಮುಚ್ಚುತ್ತಿದ್ದರು. ಕೋಲ್ಕತ್ತದ ಗರಿಯಾಹಾಟ್‌ನಲ್ಲಿ ಹೆಂಡತಿಗೆ ಸೀರೆ ಆರಿಸುವಾಗಲೂ ಅಷ್ಟೇ. ಅಂಗಡಿಯವನು ಒಂದರ ಮೇಲೊಂದು ಬಿಡಿಸಿ ಹಾಕುತ್ತಿದ್ದರೆ ಇವರು ಕಣ್ಣು ಮುಚ್ಚಿ, ಸೆರಗಿನ ತುದಿಯನ್ನು ಎರಡು ಬೆರಳಿನ ನಡುವೆ ತಿಕ್ಕಿ, "ಇದ್ ಬ್ಯಾಡ, ಆಚಿದ್ ಕೊಡಿ" ಎನ್ನುತ್ತಿದ್ದರು. ಕನ್ನಡದಲ್ಲೇ. ಅಂಗಡಿಯವನಿಗೆ ಅದು ಹೇಗೋ ಅರ್ಥವಾಗುತ್ತಿತ್ತು. ಆಮೇಲೆ ಕಣ್ಣು ತೆರೆದು, ತಾವೇ ಆರಿಸಿದ ಬಣ್ಣ ಕಂಡು ಕೆಲವು ಸಲ ಬೆಚ್ಚುತ್ತಿದ್ದರು.

ಕಸುಬು ಅಂಟಿಸಿದ ಅಭ್ಯಾಸ ಅದು. ಅವರು ನೀರಿನಲ್ಲಿ ಮುಳುಗಿ ಕೆಲಸ ಮಾಡುವವರು. ಬಂದರಿನ ಮುಂದೆ ಸಮುದ್ರದೊಳಕ್ಕೆ ಚಾಚಿದ ತಡೆಗೋಡೆಯ ಮೈಮೇಲೆ ನಾಲ್ಕು ಕಾಲಿನ ಕಾಂಕ್ರೀಟ್ ಬ್ಲಾಕುಗಳು ಒಂದಕ್ಕೊಂದು ಕಾಲು ಸಿಕ್ಕಿಸಿಕೊಂಡು ಬಿದ್ದಿರುವುದನ್ನು ನೀವು ನೋಡಿರಬಹುದು. ಯಾರೋ ಲಾರಿಯಿಂದ ಸುರಿದು ಹೋದ ಹಾಗೆ ಕಾಣುತ್ತದೆ. ಹಾಗಲ್ಲ. ಒಂದೊಂದನ್ನೂ ಕ್ರೇನಿನಿಂದ ಇಳಿಸಿ, ಕೆಳಗಿನವುಗಳ ನಡುವೆ ಕೂರಿಸಬೇಕು. ಒಂದು ಸಡಿಲವಾಗಿದ್ದರೂ ಅಲೆ ಅದನ್ನೇ ಕುಟ್ಟಿ ಕುಟ್ಟಿ ಮುರಿದು, ಪಕ್ಕದ್ದನ್ನೂ ಕೆಡವುತ್ತದೆ. ಆ ಕೆಲಸಕ್ಕೆಂದೇ ಇರುವ ಸಣ್ಣ ತಂಡ ನಮ್ಮದು. ಮಳೆಗಾಲವೆಲ್ಲ ಹೌರಾದ ಯಾರ್ಡಿನಲ್ಲಿ ತಾಲೀಮು. ಮಳೆ ನಿಂತ ಮೇಲೆ ಬಂಗಾಳ ಕೊಲ್ಲಿಯ ಯಾವುದೋ ಒಂದು ದಂಡೆ. ಕ್ರೇನು ನಡೆಸುವವರು ತಪನ್‌ದಾ. ಅವರ ಪಕ್ಕ ಕೂತು ಪರದೆ ನೋಡುತ್ತ ಬ್ಲಾಕಿನ ಜಾಗ ಹೇಳುವ ಎಂಜಿನಿಯರ್ ನಾನು. ನೀರಿನ ತಳದಲ್ಲಿ ಸದಾನಂದಣ್ಣ. ಅಲ್ಲಿನ ಕೆಸರುನೀರಿನಲ್ಲಿ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ.

ನಾನು ಕೆಲಸಕ್ಕೆ ಸೇರಿದ ವಾರ ಯಾರ್ಡಿನ ಮೂಲೆಯಲ್ಲಿ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅಪ್ಪ ರೈಲ್ವೆಯವರು, ನಮ್ಮದು ಧಾರವಾಡದ ಕಡೆ; ನಾನು ಹುಟ್ಟಿ ಬೆಳೆದದ್ದು ಮಾತ್ರ ಕೋಲ್ಕತ್ತದಲ್ಲಿ. ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಅರ್ಧ ಹಿಂದಿ, ಅರ್ಧ ಬಂಗಾಳಿಯಲ್ಲಿ ಉತ್ತರ ಕೊಡುತ್ತಿದ್ದೆ. ಹಿಂದಿನಿಂದ ಒಂದು ದನಿ ಕೇಳಿತು.

"ಹೋಯ್, ಕನ್ನಡದವ್ಳಾ ನೀನ್?"

"ಹೂಂ ಅಣ್ಣಾ. ಆದ್ರ ನನಗ ಭಾಳ ಬರಂಗಿಲ್ಲ."

"ಭಾಳ ಬ್ಯಾಡ ಮಾರಾಯ್ತಿ. ಆರ್ ಶಬ್ದ ಬಂದ್ರೆ ಸಾಕ್."

ಅವರು ಕುಂದಾಪುರದ ಕಡಲದಂಡೆಯವರು. ಆ ಆರು ಶಬ್ದಗಳು: ಇಳಿಸು, ನಿಲ್ಲಿಸು, ಎತ್ತು, ಎಡ, ಬಲ, ಬಿಡು. ಬಂಗಾಳಿ ಬಲ್ಲವರಾದರೂ ನೀರಿನ ಕೆಳಗೆ ಅವರ ಬಾಯಿಗೆ ಬರುತ್ತಿದ್ದುದು ಕನ್ನಡವೇ; ಫೋನಿನ ತಂತಿಯ ಮೂಲಕ ಅವರು ಹೇಳುವುದು, ನಾನು ತಪನ್‌ದಾಗೆ ಬಂಗಾಳಿಯಲ್ಲಿ ದಾಟಿಸುವುದು. ಕೊಕ್ಕೆ ಕಳಚುವ ಮೊದಲು ಬ್ಲಾಕು ಎಲ್ಲೆಲ್ಲಿ ತಾಗಿದೆ ಎಂದು ಬೆರಳಿನಿಂದ ಹುಡುಕಿ, ಸಂದಿನಲ್ಲಿ ಅಂಗೈಯಿಟ್ಟು, ಅಲೆ ಬಂದಾಗ ಅದುರುತ್ತದೆಯೇ ಎಂದು ಕಾಯುತ್ತಿದ್ದರು. ಆ ಕಾಯುವಿಕೆಯಲ್ಲಿ ಮಾತು ಬೆಳೆಯಿತು. ಅವ್ವ ಏನು ಅಡುಗೆ ಮಾಡಿದ್ದಾಳೆ, ಅಪ್ಪನ ಮಂಡಿನೋವು ಹೇಗಿದೆ, ಎಲ್ಲ ವಿಚಾರಣೆ ಸಮುದ್ರದ ತಳದಿಂದ. ನನ್ನ ಕನ್ನಡ ಬಲಿತದ್ದು ಹಾಗೆ.

ಮೂರನೆಯ ವರ್ಷ, ಕೆಲಸದ ಕಾಲ ಮುಗಿಯುತ್ತ ಬಂದಾಗ, ಒಂದು ದಿನ ಅಲೆ ಜೋರಿದ್ದುದರಿಂದ ಅವರನ್ನು ನೀರಿಗೆ ಇಳಿಸಲಿಲ್ಲ. ಸೈಟಿನ ಉಸ್ತುವಾರಿಯ ಸಾಹೇಬರಿಗೆ ಅವಸರ. ಅಡಿಸಾಲಿನ ಒಂದು ಬ್ಲಾಕನ್ನು ಪರದೆ ನೋಡಿಯೇ ಇಳಿಸಿದೆವು. ಪರದೆಯಲ್ಲಿ ಎಲ್ಲ ಸರಿಯಾಗಿತ್ತು. ವರದಿಯಲ್ಲಿ "ಮುಟ್ಟಿ ಪರೀಕ್ಷಿಸಲಾಗಿದೆ" ಎಂದು ನಾನೇ ಬರೆದು ಸಹಿ ಹಾಕಿದೆ. ಅದರ ಮೇಲೆ ಇನ್ನೂ ಆರು ಬ್ಲಾಕು ಬಂದವು.

ಮರುದಿನ ಮುಳುಗಿ ಎದ್ದವರು ಒದ್ದೆ ಮೈಯಲ್ಲೇ ಬಂದು ನನ್ನ ಪಕ್ಕ ಕೂತರು.

"ಅಪ್ಪಿ, ನಿನ್ನೆ ಅಡಿ ಸಾಲಿನ ಕಲ್ಲ್ ಮುಟ್ಟಿದ್ ಯಾರ್?"

ನಾನು ವರದಿಯ ಪುಸ್ತಕ ಮುಚ್ಚಿದೆ.

"ಅದ್ ಅಲ್ಲಾಡತ್ತ್."

"ಸಾಹೇಬ್ರಿಗೆ ಹೇಳ್ತೀರೇನು ಅಣ್ಣಾ?"

"ನಾ ಹೇಳುದಿಲ್ಲೆ. ಬರ್ದದ್ ನೀನ್, ನೀನೇ ಹೇಳ್ಕ್." ತಲೆ ಒರೆಸಿಕೊಳ್ಳುತ್ತ ಅಂದರು: "ಗೋಡೆ ಹಿಂದ್ ದೋಣಿ ಕಟ್ಟುವರ್ ನಿನ್ ವರದಿ ಓದುದಿಲ್ಲೆ ಮಾರಾಯ್ತಿ."

ಹೋಗಿ ಹೇಳಿದೆ. ಸಾಹೇಬರು ಎಲ್ಲರ ಎದುರು ಕೂಗಾಡಿದರು, ಕೂಗಾಡುವಂಥದ್ದೇ ಅದು. ಆರು ಬ್ಲಾಕನ್ನೂ ತೆಗೆದು ಆ ಒಂದನ್ನು ಮತ್ತೆ ಕೂರಿಸುವಾಗ ಸದಾನಂದಣ್ಣ ಸಂದಿನಲ್ಲಿ ಕೈಯಿಟ್ಟಿದ್ದರು. ಎಲ್ಲಿಂದಲೋ ಒಂದು ಅಲೆ ಬಂತು. ತಂತಿಯಲ್ಲಿ ಅವರ ದನಿ, "ನಿಲ್ಸ್." ಆಮೇಲೆ, "ಮೆಲ್ಲ ಎತ್ತ್. ಇನ್ನೊಂಚೂರ್. ಸಾಕ್." ಎಂದಿನ ದನಿಯೇ. ನಮ್ಮ ದೋಣಿಯವರು ಅವರನ್ನು ಮೇಲೆಳೆದುಕೊಂಡಾಗ ಎಡಗೈಯ ಗವಸು ಹರಿದು ರಕ್ತ ಸುರಿಯುತ್ತಿತ್ತು. ನಾನು ಗಾಬರಿಯಾದರೆ ತಪನ್‌ದಾಗೆ ತಪ್ಪು ಹೇಳಿಯೇನು ಎಂದು ದನಿ ಅಲುಗದಂತೆ ಹಿಡಿದುಕೊಂಡಿದ್ದರು. ಎರಡು ಬೆರಳು ಹೋದವು.

ಹೌರಾದ ಶಿಬ್‌ಪುರದಲ್ಲಿ ಅವರ ಮನೆ. ಹದಿನೈದು ದಿನ ಹೋಗುವ ಧೈರ್ಯವಾಗಲಿಲ್ಲ. ಕೊನೆಗೆ ಹೋದಾಗ ಬಾಗಿಲು ತೆರೆದದ್ದು ಅವರ ಹೆಂಡತಿ ಮಾಲತಿ ಬೌದಿ; ಬೌದಿ ಎಂದರೆ ಅತ್ತಿಗೆ. ಬಂಗಾಳಿಯವರು, ಕನ್ನಡ ಒಂದಕ್ಷರ ಬಾರದು. ಪಕ್ಕಕ್ಕೆ ಸರಿದು ಒಳಗೆ ಬಿಟ್ಟರು. ಸದಾನಂದಣ್ಣ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮುಡಿ, ಅಂದರೆ ನಮ್ಮ ಮಂಡಕ್ಕಿ, ತಿನ್ನುತ್ತಿದ್ದರು. ನಾನು ಅಳುತ್ತ ಕೂತೆ. ಅಳು ನಿಲ್ಲುವ ತನಕ ಅವರು ತಿನ್ನುತ್ತಲೇ ಇದ್ದರು.

"ಆ ಕಲ್ಲ್ ಈಗ ಅಲ್ಲಾಡತ್ತಾ?"

"ಇಲ್ಲಂತ, ಅಣ್ಣಾ."

"'ಅಂತ' ಎಂತದ್? ನೀನ್ ಮುಟ್ಟಿ ಕಂಡ್ಯಾ?"

"ನನಗ ಈಸಾಕ ಅಷ್ಟ ಬರ್ತದ. ಮುಳಗಾಕ ಬರಂಗಿಲ್ಲ."

"ಹಾಂಗಾರೆ ಕಲಿ."

ಆ ಮಳೆಗಾಲ ಪೂರ್ತಿ ಕಲಿಸಿದರು. ಸರ್ಟಿಫಿಕೇಟಿನ ತರಬೇತಿ ಬೇರೆ ಕಡೆ ಆಯಿತು. ಬೆರಳಿನ ತರಬೇತಿ ಯಾರ್ಡಿನ ನೀರಿನ ತೊಟ್ಟಿಯಲ್ಲಿ. ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಸಣ್ಣ ಮಾದರಿ ಬ್ಲಾಕುಗಳನ್ನು ಕೆಳಗಿಟ್ಟು, ತೊಟ್ಟಿಯ ಅಂಚಿನಲ್ಲಿ ಛತ್ರಿ ಹಿಡಿದು ಕೂತು ಬೈಯುತ್ತಿದ್ದರು: "ಕೈಯಲ್ಲಿ ಕಾಣ್ ಅಂದ್ರೆ ತಲೀಲಿ ಲೆಕ್ಕ ಹಾಕ್ತೆ ಅಲ್ದಾ?" ಮಧ್ಯಾಹ್ನ ಬೌದಿ ಊಟದ ಡಬ್ಬಿ ತರುತ್ತಿದ್ದರು. ಮೊದಲ ತಿಂಗಳು ಅವರಿಬ್ಬರದೇ ಎರಡು ಡಬ್ಬಿ ಇರುತ್ತಿದ್ದವು. ಆಮೇಲೊಂದು ದಿನ ಮೂರನೆಯ ಡಬ್ಬಿ ಬಂತು. ಬೌದಿ ಅದನ್ನು ನನ್ನ ಮುಂದೆ ಇಟ್ಟು, ನನ್ನ ಮುಖ ನೋಡದೆ ಹೋದರು.

ಚಳಿಗಾಲದಲ್ಲಿ ನಾನು ಮೊದಲ ಸಲ ಸಮುದ್ರದ ತಳಕ್ಕಿಳಿದೆ. ಆ ಬ್ಲಾಕಿನ ಸಂದಿನಲ್ಲಿ ಅಂಗೈಯಿಟ್ಟು ಹತ್ತು ಅಲೆ ಕಾದೆ. ಅಲ್ಲಾಡಲಿಲ್ಲ. ಮೇಲೆ ಬಂದ ಕೂಡಲೇ ಫೋನು ಮಾಡಿ ಹೇಳಿದೆ. ಆ ಕಡೆ ಮೂಗು ಸೀಟಿಕೊಂಡ ಸದ್ದು. "ಹ್ಞಾಂ. ಒದ್ದೆ ಬಟ್ಟಿ ಬದ್ಲ್ ಮಾಡ್, ಥಂಡಿ ಆತ್ತ್" ಎಂದರು.

ಹೋದ ಚಳಿಗಾಲ ಅವರ ಶ್ವಾಸಕೋಶ ಕೈಕೊಟ್ಟಿತು. ನಾನು ದೂರದ ದಂಡೆಯಲ್ಲಿದ್ದೆ. ರೈಲು ಹತ್ತಿ ಹೌರಾ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಾಲತಿ ಬೌದಿ ಮಂಚದ ತುದಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಔಷಧಿಯ ಒಂದು ಖಾಲಿ ಲಕೋಟೆ ತೆಗೆದು ಕೊಟ್ಟರು. "ಕೊನೆಯ ಎರಡು ದಿನ ಅವರಿಗೆ ಬಂಗಾಳಿ ಪೂರ್ತಿ ಮರೆತುಹೋಯಿತು," ಎಂದು ಬಂಗಾಳಿಯಲ್ಲಿ ಹೇಳಿದರು. "ನರ್ಸಿನ ಕೈ ಹಿಡಿದು ಮತ್ತೆ ಮತ್ತೆ ಒಂದೇ ಮಾತು. ಅದರಲ್ಲಿ ನನ್ನ ಹೆಸರಿತ್ತು. ಕೇಳಿಸಿದ ಹಾಗೆ ಬರೆದುಕೊಂಡಿದ್ದೇನೆ. ಏನು ಹೇಳುತ್ತಿದ್ದರು, ನೋಡು."

ಬಂಗಾಳಿ ಅಕ್ಷರಗಳನ್ನು ನಿಧಾನವಾಗಿ ಕೂಡಿಸಿ ಓದಿದೆ. "ಮಾಲತೀದ್ ಊಟ ಆಯ್ತಾ ಕೇಣಿ."

ಮಾಲತಿ ಊಟ ಮಾಡಿದಳಾ ಕೇಳಿ ಎನ್ನುತ್ತಿದ್ದರು ಎಂದು ಅವರ ಭಾಷೆಯಲ್ಲಿ ಹೇಳಿದೆ.

ಬೌದಿ ಲಕೋಟೆಯನ್ನು ವಾಪಸು ತೆಗೆದುಕೊಂಡು ತಾವು ಬರೆದದ್ದನ್ನು ಮತ್ತೊಮ್ಮೆ ಓದಿದರು. ಆ ಎರಡು ದಿನ ತಾವು ಏನೂ ತಿಂದಿರಲಿಲ್ಲ ಎಂದರು. ಆಮೇಲೆ ಎದ್ದು, ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟರು. ನಾನು ಎರಡು ತಟ್ಟೆ ತೊಳೆದೆ.