ಲೆವೆಲ್ ಪೈಪಿನ ಇನ್ನೊಂದು ತುದಿ

ಘೋಡಬಂದರ್ ರಸ್ತೆಯ ನಮ್ಮ ಮನೆಗೆ ಹೊಸ ಅಡಿಗೆಕಟ್ಟೆ ಹಾಕಲು ಬಂದ ವಿಜಯಪುರದ ಮೇಸ್ತ್ರಿ, ಚೀಲದಿಂದ ಪಾರದರ್ಶಕ ಪೈಪೊಂದನ್ನು ತೆಗೆದು ನೀರು ತುಂಬಿದ. ಎರಡು ತುದಿಗಳಲ್ಲೂ ನೀರು ನಿಂತ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿದರೆ ಮಟ್ಟ ಸಿಕ್ಕಂತೆ. ನನಗೆ ಮುಂಬ್ರಾದ ಹುಡುಗಿಯೊಬ್ಬಳು ನೆನಪಾದಳು.

ನನ್ನ ನೆನಪನ್ನು ನಂಬಬೇಡಿ, ನಾನೂ ನಂಬುವುದಿಲ್ಲ. ಅವಳ ಫ್ರಾಕು ಹಳದಿಯೋ ನೀಲಿಯೋ ಗೊತ್ತಿಲ್ಲ. ಹಳದಿ ಎಂದರೆ ಚೆಂದ ಕಾಣುತ್ತದೆ, ಅದಕ್ಕೇ ಬರೆಯುವುದಿಲ್ಲ.

ಅವಳನ್ನು ಕಂಡ ಕಾಲದಲ್ಲಿ ನಾನು ಪುಟ್ಟ ಮಕ್ಕಳ ವಿಜ್ಞಾನ ಕಲಿಕೆಯ ಸಂಶೋಧನೆಯೊಂದರಲ್ಲಿ ಸಹಾಯಕಿ. ಸಂಶೋಧಕರಿಗೂ ಕಾಲಕ್ಕೊಂದು ಹುಚ್ಚು: ಮೊದಲು ಆಟಿಕೆ, ಆಮೇಲೆ ಟ್ಯಾಬ್ಲೆಟ್, ಈಗ ರೋಬೋಟು. ನಮ್ಮದು ಟ್ಯಾಬ್ಲೆಟ್ಟಿನ ಕಾಲ. ಕಟ್ಟಡ ಕೆಲಸದವರ ಮಕ್ಕಳ ಬಾಲವಾಡಿಯಲ್ಲಿ ಕೂತು, ಐದು ವರ್ಷದ ಅವಳಿಗೆ ವಾಲಿದ ಲೋಟದ ನಾಲ್ಕು ಚಿತ್ರ ತೋರಿಸಿದೆ. "ಒಳಗೆ ನೀರು ಹೇಗೆ ನಿಲ್ತದೆ? ಸರಿಯಾದ್ದು ಮುಟ್ಟು ನೋಡುವಾ."

ಮುಟ್ಟಲಿಲ್ಲ. ಎದ್ದುಹೋಗಿ ಕುಡಿಯುವ ನೀರಿನ ಲೋಟ ತಂದು, ಟ್ಯಾಬ್ಲೆಟ್ಟಿನ ಮೇಲೆಯೇ ವಾಲಿಸಿ ತೋರಿಸಿದಳು; ಸ್ವಲ್ಪ ಚೆಲ್ಲಿತು.

"ಅಯ್ಯೋ ಮಾರಾಯ್ತಿ!" ಎಂದು ಕಿರುಚಿ, ದುಪಟ್ಟಾದಿಂದ ನೀರು ಒರೆಸಿದೆ. ಫಾರ್ಮಿನಲ್ಲಿ 'ಉತ್ತರವಿಲ್ಲ' ಎಂಬಲ್ಲಿ ಟಿಕ್ ಹಾಕಿದೆ.

ಕರೆದೊಯ್ಯಲು ಬಂದ ಅವಳ ತಾಯಿ, ಕಲಬುರಗಿಯವರು, ನಕ್ಕರು. "ಬೈಬ್ಯಾಡ್ರಿ ಟೀಚರ್. ಅವರಪ್ಪ ಗೋಡಿ ಲೆವೆಲ್ ನೋಡಾಗ ಪೈಪಿನ ತುದಿ ಈಕಿನೇ ಹಿಡಿತಾಳ. ಚಿತ್ರದಾಗಿನ ನೀರು ಯಾರಿಗೆ ಬೇಕ್ರಿ?"

ಟಿಕ್ ತಿದ್ದಬಹುದಿತ್ತು. ಲೋಕಲ್ ರೈಲು ಹಿಡಿಯುವ ಅವಸರವಿತ್ತು ಎನ್ನುತ್ತದೆ ನೆನಪು. ಸುಳ್ಳು. ಟ್ಯಾಬ್ಲೆಟ್ ಒದ್ದೆಯಾದ ಸಿಟ್ಟು ಅದು.

ನಿನ್ನೆ ನೆರೂಳದಿಂದ ನಮ್ಮ ಹಳೆಯ ಮುಖ್ಯಸ್ಥರು ಒಂದು ಕರಡು ಕಳಿಸಿದ್ದಾರೆ: ಈ ಸಂಶೋಧನೆಗಳೆಲ್ಲ ಎತ್ತ ಸಾಗಿವೆ ಎಂಬ ಲೇಖನ. ನಮ್ಮ ಫಾರ್ಮುಗಳನ್ನು ನಂಬಿ, ವಲಸೆ ಕಾರ್ಮಿಕರ ಮಕ್ಕಳಿಗೆ ವೈಜ್ಞಾನಿಕ ಕುತೂಹಲ ಕಡಿಮೆ ಎಂದು ಬರೆದಿದ್ದಾರೆ. ಲೇಖಕರಲ್ಲಿ ನನ್ನ ಹೆಸರೂ ಇದೆ.

ಪೈಪು ನೋಡುತ್ತಲೇ ಅವರಿಗೆ ಫೋನು ಮಾಡಿ, ಲೋಟದ ಹುಡುಗಿಯ ವಿಷಯ ಹೇಳಿದೆ. "ಸರ್, ಆ ಸಾಲು ತೆಗೀರಿ. ಇಲ್ಲದಿದ್ರೆ ನನ್ನ ಹೆಸರು ತೆಗೀರಿ."

"ಒಂದು ಮಗುಗೋಸ್ಕರಾನಾ? ಎಮೋಷನಲ್ ಆಗ್ಬೇಡಿ. ಡೇಟಾ ಇದೆಯಲ್ಲ."

"ಆ ಡೇಟಾ ನಾನೇ ಸರ್. ಅವಳು ಉತ್ತರ ಕೊಟ್ಟಿದ್ದಳು. ನಾನು ಒರೆಸಿದೆ. ಅದನ್ನೇ ಬರೆದು ಕಳಿಸ್ತೇನೆ, ಹಾಕಿ."

"ಹಾಕೋಕಾಗಲ್ಲ. ನಿಮ್ಮ ಹೆಸರೇ ಹೋಗುತ್ತೆ."

"ಹೋಗಲಿ. ನಾನೇ ಬೇರೆ ಕಡೆ ಬರೀತೇನೆ."

ಬರೆದಿದ್ದೇನೆ, ನೀವು ಓದುತ್ತಿದ್ದೀರಿ.

"ಅಕ್ಕಾರ, ಫೋನ್ ಸಾಕು. ಈ ತುದಿ ಹಿಡೀರಿ," ಎಂದ ಮೇಸ್ತ್ರಿ. ಹಿಡಿದೆ. ಇನ್ನೊಂದು ಕೈಯಲ್ಲಿದ್ದ ಫೋನು ಕೆಳಗಿಡಲು ಬಾಗಿದೆ, ಪೈಪಿನ ನೀರು ಮೇಲೆಕೆಳಗಾಯಿತು.

"ಅಲುಗಾಡಬ್ಯಾಡ್ರಿ. ನೀರು ನಿಲ್ಲಲಿ."

ಐದು ವರ್ಷದವಳು ಮಾಡುತ್ತಿದ್ದ ಕೆಲಸ. ನನಗೆ ಮೂರನೆಯ ಸಲಕ್ಕೆ ಬಂತು.