ರೊಟ್ಟಿ ಹಿಡಿದು ನಿಂತ ವರದಿಗಾರ್ತಿ

ಸಾದಾತ್ ಅಕ್ಕ ಹುಟ್ಟಿದ್ದು ಲಾರಿಯ ಹಿಂಭಾಗದಲ್ಲಿ, ಹುಲ್ಲಿನ ಹೊರೆಗಳ ನಡುವೆ. ಆಗ ಅವರ ಕಣಿವೆಯಲ್ಲಿ ಹೆರಿಗೆ ಆಸ್ಪತ್ರೆ ಇರಲಿಲ್ಲ. ನಮ್ಮ ನಾರಿನ್ ಪಟ್ಟಣಕ್ಕೆ ಬರುವ ದಾರಿಯ ಘಾಟಿಯಲ್ಲೇ ಅವರ ತಾಯಿಗೆ ಹೆರಿಗೆಯಾಯಿತು. ಇದನ್ನು ಅಕ್ಕ ನಗುತ್ತಲೇ ಹೇಳುತ್ತಿದ್ದರು: "ಅದಕ್ಕೇ ನಾನು ಒಂದ್ ಕಡೆ ಕೂರೋಳಲ್ಲ."

ಕುರಿ ಮೇಯಿಸುವ ಮನೆಯಿಂದ ಬಂದು ನಮ್ಮ ವಾರಪತ್ರಿಕೆಯಲ್ಲಿ ಅವರು ಬೇರೂರಿದ್ದರು. ನಾನು ಕೆಲಸಕ್ಕೆ ಸೇರಿದಾಗ ಅವರು ಹೇಳಿಕೊಟ್ಟ ಮೊದಲ ಮಾತು ಇಷ್ಟೇ: "ವೇದಿಕೆ ಮೇಲೆ ಹೇಳಿದ್ದನ್ನ ಎಲ್ರೂ ಬರೀತಾರೆ. ನೀನು ಅವರು ಇಳಿದು ಬರೋ ಮೆಟ್ಟಿಲ ಹತ್ರ ನಿಂತ್ಕೋ ತಂಗಿ."

ಆ ವರ್ಷದ ಚುನಾವಣೆಯಲ್ಲಿ ಕಣಿವೆಯ ಹೆಂಗಸರಿಗೆ ಇದ್ದದ್ದು ಒಂದೇ ಪ್ರಶ್ನೆ. ಅಲ್ಲಿ ಆಮೇಲೆ ಶುರುವಾಗಿದ್ದ ಹೆರಿಗೆ ವಾರ್ಡನ್ನು ಮುಚ್ಚುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಹಿಮ ಬಿದ್ದರೆ ಘಾಟಿ ಬಂದ್. ಆಗ ಬಸುರಿಯರ ಗತಿಯೇನು? ತೀರ್ಮಾನ ಮಾಡುವ ಪ್ರಾಂತ್ಯ ಸಮಿತಿಯಲ್ಲಿ ಅಭ್ಯರ್ಥಿ ಜುಮಾಕದಿರ್ ಇದ್ದರು. ಅವರ ಬಾಯಿಂದ ಹೌದು ಅಥವಾ ಇಲ್ಲ ಎಂಬ ಉತ್ತರ ಮತದಾನಕ್ಕೆ ಮುಂಚೆ ಅಚ್ಚಾಗಬೇಕೆಂದು ಅಕ್ಕ ಹಟ ತೊಟ್ಟಿದ್ದರು.

ಅಭ್ಯರ್ಥಿಗಳ ಚರ್ಚೆ ನಡೆದದ್ದು ಪಟ್ಟಣದ ಟಿ.ವಿ. ಸ್ಟುಡಿಯೋದಲ್ಲಿ, ಮಧ್ಯಾಹ್ನ. ಪತ್ರಕರ್ತರನ್ನೆಲ್ಲ ಪಕ್ಕದ ಕೋಣೆಯಲ್ಲಿ ಒಂದು ಟಿ.ವಿ. ಪರದೆಯ ಮುಂದೆ ಕೂರಿಸಿದ್ದರು. ಅರೆತೆರೆದ ಬಾಗಿಲಿನಿಂದ ನಮಗೆ ಒಳಗಿನದು ಕಾಣುತ್ತಿತ್ತು. ಪ್ರಸಾಧನದ ಹೆಂಗಸು ಜುಮಾಕದಿರ್ ಅವರ ಬೋಳುತಲೆಗೆ ಪೌಡರ್ ಒತ್ತುತ್ತಿದ್ದಳು. ಎದುರಾಳಿ ಬಂದು, ವಯಸ್ಸಿನಲ್ಲಿ ಕಿರಿಯನಾದ್ದರಿಂದ ತಾನೇ ಮೊದಲು ಸಲಾಂ ಹೇಳಿ, "ನಿಮ್ಮ ತಲೆಗೇ ಅರ್ಧ ಡಬ್ಬಿ ಹೋಯ್ತಲ್ಲ ಅಣ್ಣ, ನಂಗೇನಾದ್ರೂ ಉಳಿಸಿ" ಎಂದ. ಇಬ್ಬರೂ ನಕ್ಕರು. ದೀಪ ಹತ್ತಿದ ಮೇಲೆ ಅದೇ ಇಬ್ಬರು ಒಬ್ಬರ ಮೇಲೊಬ್ಬರು ಹರಿಹಾಯ್ದರು.

ವಾರ್ಡಿನ ಪ್ರಶ್ನೆ ಬಂದಾಗ ಜುಮಾಕದಿರ್ ರಸ್ತೆಯ ಬಗ್ಗೆ ಮಾತಾಡಿದರು, ಕುದುರೆ ತಳಿಯ ಬಗ್ಗೆ ಮಾತಾಡಿದರು. ಅಷ್ಟರಲ್ಲಿ ಸಮಯ ಮುಗಿಯಿತು.

ಅವರ ಸಹಾಯಕ ಮೆದೆರ್ ನಮ್ಮ ಕೋಣೆಗೆ ಬಂದು ಕೈಕಟ್ಟಿ ನಿಂತ. "ಪ್ರಶ್ನೆ ಇದ್ರೆ ಬರೆದು ಕೊಡಿ. ಅಣ್ಣ ಹಿಂದಿನ ಬಾಗಿಲಿಂದ ಹೊರಡ್ತಾರೆ."

"ಬರೆದು ಕೊಟ್ರೆ ಉತ್ತರ ಯಾವಾಗಪ್ಪ?" ಅಕ್ಕ ಕೇಳಿದರು.

"ಆಗುತ್ತೆ ಅಕ್ಕ."

"ಚುನಾವಣೆ ಆದ್ಮೇಲಾ?"

ಅವನು ಗಡಿಯಾರ ನೋಡಿಕೊಂಡು ಹೊರಗೆ ಹೋದ. ಅಕ್ಕ ಎದ್ದು ಚಹಾದ ಮೇಜಿನಿಂದ ಒಂದು ತಂದೂರ್ ರೊಟ್ಟಿ ತೆಗೆದುಕೊಂಡು, ಬಿಳಿ ಬಟ್ಟೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದರು.

"ಏನಕ್ಕ ಇದು?" ನಾನು ಕೇಳಿದೆ.

"ಬೆಳಗ್ಗಿಂದ ಜುಮಾಕದಿರ್ ಅಣ್ಣ ಏನೂ ತಿಂದಿಲ್ಲ, ನೋಡ್ಕೊಂಡೇ ಇದೀನಿ. ಹೊರಡೋರಿಗೆ ರೊಟ್ಟಿ ಹಿಡಿಯೋದು ನಮ್ಮ ಪದ್ಧತಿ, ಅದಕ್ಕೆ ಯಾರ ಅಪ್ಪಣೆ ಬೇಕು?"

ಹಿಂದಿನ ಬಾಗಿಲಲ್ಲಿ ಕಾವಲುಗಾರ ಅಕ್ಕನನ್ನು ಸರಿಸಲು ಕೈ ಚಾಚಿದ. ರೊಟ್ಟಿ ಕಂಡಿತು. ಅದು ನೆಲಕ್ಕೆ ಬಿದ್ದರೆ ಪಾಪ ಯಾರ ತಲೆಗೆ? ಕೈ ಹಿಂದೆ ಹೋಯಿತು. ಮೆದೆರ್ ಓಡಿಬಂದ.

"ಅಕ್ಕ, ದಾರಿ ಬಿಡಿ."

"ನಾನೆಲ್ಲಿ ಅಡ್ಡ ಇದೀನಿ? ಬಾಯಿಗೊಂದು ಚೂರು ಹಾಕ್ಕೊಂಡು ಹೋಗ್ಲಿ. ನಿನ್ನ ತಾಯಿ ನಿನ್ನನ್ನ ಬರೀ ಬಾಯಲ್ಲಿ ಕಳಿಸ್ತಾಳಾ?"

ಅವನ ಹಿಂದೆಯೇ ಬಂದ ಜುಮಾಕದಿರ್ ನಕ್ಕು ಒಂದು ಚೂರು ಮುರಿದುಕೊಂಡರು. ನಮ್ಮಲ್ಲಿ ಆಣೆ ಇಡುವುದೂ ರೊಟ್ಟಿಯ ಮೇಲೆಯೇ. ಸುಳ್ಳಾಡಿದರೆ ರೊಟ್ಟಿ ಹೊಡೆಯುತ್ತದೆ ಎನ್ನುತ್ತಾರೆ. ಅದು ಜುಮಾಕದಿರ್ ಅವರಿಗೆ ನೆನಪಾಗುವಷ್ಟರಲ್ಲಿ ಚೂರು ಅವರ ಬೆರಳುಗಳ ನಡುವೆ ಇತ್ತು.

"ಅಣ್ಣ, ನಾನು ಪತ್ರಿಕೆಗೇ ಕೇಳ್ತಿರೋದು," ಅಕ್ಕ ಸ್ಪಷ್ಟವಾಗಿ ಹೇಳಿದರು. "ನಮ್ಮ ಕಣಿವೆಯ ಹೆರಿಗೆ ವಾರ್ಡು ಮುಚ್ಚುತ್ತಾ?"

"ಆ ವಿಚಾರನ ಎಲ್ಲಾ ಕೋನದಿಂದ ನೋಡಿ…"

"ಕೈಯಲ್ಲಿ ರೊಟ್ಟಿ ಇದೆ ಅಣ್ಣ."

"ಕಾರು ಕಾಯ್ತಿದೆ," ಎಂದ ಮೆದೆರ್. ಯಾರೂ ಅವನ ಕಡೆ ನೋಡಲಿಲ್ಲ.

ಜುಮಾಕದಿರ್ ಚೂರನ್ನೇ ನೋಡುತ್ತ ನಿಂತರು. ಪೌಡರಿನ ಮೇಲೆ ಬೆವರು ಮೂಡಿತ್ತು. "ಮುಚ್ಚುತ್ತೆ ತಂಗಿ. ಸಮಿತೀಲಿ ನಾನೂ ಅದಕ್ಕೆ ಕೈ ಎತ್ತಿದೀನಿ. ವೈದ್ಯರೇ ಸಿಕ್ತಿಲ್ಲ, ಏನ್ ಮಾಡ್ಲಿ?"

"ಗೆದ್ರೆ ತೀರ್ಮಾನ ಬದಲಿಸ್ತೀರಾ?"

"ಬದಲಿಸ್ತೀನಿ ಅಂದ್ರೆ ಸುಳ್ಳಾಗುತ್ತೆ." ಅವರು ಚೂರನ್ನು ಬಾಯಿಗೆ ಹಾಕಿಕೊಂಡು, ತಲೆ ತಗ್ಗಿಸಿ ಕಾರು ಹತ್ತಿದರು.

ಸಂಜೆ ಮೆದೆರ್ ನಮ್ಮ ಸಂಪಾದಕರಿಗೆ ಫೋನ್ ಮಾಡಿ, ಅಣ್ಣ ಹಾಗೆ ಹೇಳಿಯೇ ಇಲ್ಲ, ಅಚ್ಚು ಮಾಡಬೇಡಿ ಎಂದ. ಸಂಪಾದಕರು ಅಳುಕಿದರು. ಅಕ್ಕ ಫೋನ್ ಇಸಿದುಕೊಂಡು, "ಹೇಳಿಲ್ಲ ಅಂತ ಅವರೇ ಹೇಳ್ಲಿ. ಆಗ ಈ ವಾಕ್ಯ ನಾನೇ ಹೊಡೆದುಹಾಕ್ತೀನಿ," ಎಂದರು. ಮೆದೆರ್ ಫೋನನ್ನು ಪಕ್ಕಕ್ಕೆ ದಾಟಿಸಿದ ಸದ್ದಾಯಿತು. ಆಮೇಲೆ ಆ ಕಡೆಯಿಂದ ಜುಮಾಕದಿರ್ ಅವರದೇ ದನಿ ಕೇಳಿಸಿತು.

"ಹೇಳಿದೀನಿ. ರೊಟ್ಟಿ ತಿಂದೂ ಇದೀನಿ. ಬರ್ಕೋ. ವೈದ್ಯರು ಸಿಗದ ಮಾತನ್ನೂ ಬರಿ."

"ಅದನ್ನ ಆಗ್ಲೇ ಬರೆದಾಯ್ತು ಅಣ್ಣ," ಎಂದು ಅಕ್ಕ ಫೋನ್ ಇಟ್ಟು, ಪುಟವನ್ನು ಅಚ್ಚಿಗೆ ಕಳಿಸಿದರು.