ಗಿಣಿ ಅಂಚೂ ನನ್ನ ಹಳೆಯ ಕಂಪ್ಯೂಟರೂ

ಬೆಳಿಗ್ಗೆ ಗುಂಡಿ ಒತ್ತಿದೊಡನೆ ನನ್ನ ಕಂಪ್ಯೂಟರಿನಿಂದ ಕಾದ ಧೂಳಿನ ವಾಸನೆ ಬರುತ್ತದೆ. ಇವತ್ತು ಜೊತೆಗೆ ಸಣ್ಣ ನರಳಾಟವೂ ಬಂತು. ನಿಮ್ಮ ಮನೆಯಲ್ಲೂ ಹೀಗೆ ನರಳುವ ಯಂತ್ರವಿದ್ದರೆ ನನ್ನ ಸಂಕಟ ಅರ್ಥವಾದೀತು. ಪರದೆ ಬೆಳಗುವವರೆಗೂ ಕಾಫಿ ಲೋಟ ಹಿಡಿದು, ಆಸ್ಪತ್ರೆಯ ಬಾಗಿಲಲ್ಲಿ ನಿಂತವನ ಹಾಗೆ ನಿಂತಿದ್ದೆ.

ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಗಳ ಅಂಚಿಗೆ ಚಿತ್ತಾರ ಬರೆಯುವುದು ನನ್ನ ಕಸುಬು. ಅಪ್ಪ ಇದನ್ನು ಚೌಕಗಳ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು; ಒಂದು ಚೌಕವೆಂದರೆ ಮಗ್ಗದಲ್ಲಿ ಒಂದು ಎಳೆ. ನಾನು ಅದೇ ಚೌಕಗಳನ್ನು ಪರದೆಯ ಮೇಲೆ ತುಂಬುತ್ತೇನೆ. ಕಂಪ್ಯೂಟರು ಮನೆಗೆ ಬಂದ ದಿನ ಅಪ್ಪ ಪಂಚೆಗೆ ಕೈ ಒರೆಸಿಕೊಂಡು ಅದನ್ನು ಮುಟ್ಟಿ, “ರಬ್ಬರ್ ಬ್ಯಾಡ್ವೇನ್ಲಾ ಇದ್ಕೆ?” ಎಂದು ಕೇಳಿದ್ದರು. ಬೇಡ ಅಂದೆ. “ಅಂಗಾರೆ ತಪ್ಪು ಮಾಡಕ್ಕೆ ಭಯಾನೇ ಇಲ್ಲ ಬುಡು,” ಅಂದರು. ಆ ಭಯವೊಂದು ಮಾತ್ರ ನನ್ನನ್ನು ಬಿಟ್ಟು ಹೋಗಿಲ್ಲ.

ಈ ಕಸುಬಿನವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಮದುವೆಮನೆಯಲ್ಲಿ ನಾವು ಯಾರ ಮುಖವನ್ನೂ ನೋಡುವುದಿಲ್ಲ, ಅಂಚು ನೋಡುತ್ತೇವೆ. ಯಳಂದೂರಿನ ಒಂದು ಮದುವೆಯಲ್ಲಿ ನಾನು ಬರೆದ ಬಳ್ಳಿಯೊಂದು ಪಂಕ್ತಿಯ ನಡುವೆ ಓಡಾಡುತ್ತಿತ್ತು. ಅನ್ನ ಬಿಟ್ಟು ಅದನ್ನೇ ನೋಡುತ್ತಿದ್ದೆ. ಬಳ್ಳಿಯ ಒಡತಿ ಸೆರಗೆಳೆದುಕೊಂಡು ನನ್ನನ್ನು ದುರುಗುಟ್ಟಿ ನೋಡಿದರು. “ಕಣ್ಣು ಎಲೆ ಮ್ಯಾಲಿರ್ಲಿ. ಒದೆ ಬಿದ್ರೆ ನಾ ಬುಡಿಸ್ಕಳಕ್ಕಿಲ್ಲ,” ಎಂದು ಹೆಂಡತಿ ಜಯ ತಿವಿದಳು.

ಹೋದ ವಾರ ರಿಪೇರಿಯ ಸಿದ್ದರಾಜು ಬಂದು ಡಬ್ಬ ಬಿಚ್ಚಿ, ತಲೆ ಆಡಿಸಿದ. “ಇದ್ಕೆ ಜೀವ ಇಲ್ಲ ಸಾ. ಹೊಸ ಮಿಶೀನೇ ಆಗ್ಬೇಕು, ಹೊಸ ಸಾಫ್ಟ್‌ವೇರೇ ಆಗ್ಬೇಕು.”

“ಹಳೇ ಅಂಚುಗಳು?”

“ಫೈಲ್ ಏನೋ ಕಾಪಿ ಆಯ್ತವೆ. ಹೊಸದ್ರಲ್ಲಿ ತೆಗುದ್ರೆ ಅಂಚು ಬತ್ತದೋ, ಚುಕ್ಕಿ ಚುಕ್ಕಿ ಬತ್ತದೋ ಗ್ಯಾರಂಟಿ ಕೊಡಕಾಗಲ್ಲ ಸಾ.”

ನಿದ್ದೆ ಕೆಡಲು ನನಗೆ ಇಷ್ಟೇ ಸಾಕಾಯಿತು. ನಾನು ಇಷ್ಟು ವರ್ಷ ಬರೆದದ್ದೆಲ್ಲ ಆ ಡಬ್ಬದೊಳಗೇ ಇದೆ. ಬದಲಿಸಿದರೆ ಅದು ಹೋಗಬಹುದು, ಬದಲಿಸದಿದ್ದರೂ ಹೋಗಬಹುದು. ಎರಡಕ್ಕೂ ಹೆದರಿ, ಧೂಳು ಒರೆಸುವುದೇ ಚಿಕಿತ್ಸೆಯೆಂದು ದಿನ ದೂಡುತ್ತಿದ್ದೆ.

ಇವತ್ತು ಪರದೆ ಬೆಳಗುವ ಹೊತ್ತಿಗೆ ಅಜ್ಜೀಪುರದಿಂದ ಮಾದಮ್ಮ ಎಂಬವರು ಬಂದರು. ಹಳೆಯ ಪಂಚೆಯಲ್ಲಿ ಸುತ್ತಿ ತಂದಿದ್ದ ತಮ್ಮ ಧಾರೆ ಸೀರೆಯನ್ನು ಮೇಜಿನ ಮೇಲೆ ಬಿಚ್ಚಿದರು. ಗಿಣಿ ಅಂಚು! ನಾನು ಕಂಪ್ಯೂಟರಿನಲ್ಲಿ ಬರೆದ ಮೊದಮೊದಲ ಅಂಚು ಅದು.

“ಮಗಳ ಮದ್ವೆ ಕಣಣ್ಣ. ಇದೇ ಗಿಣಿ ಬೇಕಂತೆ ಅವ್ಳಿಗೆ. ನಂದಕಿಂತ ವಸಿ ಅಗ್ಲ ಇರ್ಲಿ.”

ಫೈಲು ಹೇಗೋ ತೆರೆಯಿತು. ಅಂಚನ್ನು ಅಗಲ ಮಾಡಹೋದೆ, ಪರದೆ ಕಲ್ಲಾಯಿತು. “ಕಂಪ್ಯೂಟರಿಗೆ ಮೈ ಸರಿಯಿಲ್ಲ ತಾಯಿ,” ಅಂದೆ.

“ಅದ್ನ ಕೇಳ್ಕಂಡು ಮದ್ವೆ ದಿನ ಇಕ್ಕಾಣ ಅಂತೀರಾ?” ಎಂದು ಮಾದಮ್ಮ ನಕ್ಕರು.

ಪಕ್ಕದಲ್ಲಿ ಸೀರೆ, ಎದುರಿಗೆ ಮರಗಟ್ಟಿದ ಪರದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ದು ಅದೇ ಮೊದಲು. ಪರದೆಯ ಗಿಣಿಯ ಕೊರಳು ಮೆಟ್ಟಿಲು ಮೆಟ್ಟಿಲಾಗಿತ್ತು. ಸೀರೆಯ ಗಿಣಿಯದು ದುಂಡಗೆ, ಈಗಷ್ಟೇ ಪೇರಲ ಕಚ್ಚಿದಂತೆ. ಬಣ್ಣ ಹಾಕಿದವರು, ನೇಯ್ದವರು, ಇಷ್ಟು ವರ್ಷ ಮಡಿಕೆ ಬದಲಿಸಿ ಕಾಪಾಡಿದ ಈ ಹೆಣ್ಣುಮಗಳು, ಇಷ್ಟು ಜನ ಸೇರಿ ಅದನ್ನು ಅಂದ ಮಾಡಿದ್ದರು. ಡಬ್ಬದೊಳಗೆ ಇದ್ದದ್ದು ನನ್ನ ಕರಡು ಮಾತ್ರ. ಕೆಲಸ ಅಜ್ಜೀಪುರದ ಪೆಟ್ಟಿಗೆಯಲ್ಲಿ, ಶಾಗ್ಯ ಊರಿನ ಯಾರದೋ ಬೀರುವಿನಲ್ಲಿ, ಯಳಂದೂರಿನ ಪಂಕ್ತಿಯಲ್ಲಿತ್ತು. ಎದೆ ಸ್ವಲ್ಪ ಉಬ್ಬಿತು. ಅಂಗಿಯ ಗುಂಡಿ ಬಿಗಿಯಾದದ್ದು ಹೊಟ್ಟೆಯಿಂದ ಎಂದು ಜಯ ವಾದಿಸುತ್ತಾಳೆ.

“ಸೀರೆ ಒಂದು ವಾರ ಇಲ್ಲೇ ಇರಲಿ. ನೋಡಿಕೊಂಡು ಹೊಸದಾಗೇ ಬರೆಯುತ್ತೇನೆ,” ಅಂದೆ.

ಹೊಸಿಲು ದಾಟುತ್ತಿದ್ದ ಮಾದಮ್ಮ ನಿಂತರು. “ಹೋದ್‌ಕಡೆಯೆಲ್ಲ ಕೇಳ್ತರೆ ಕಣಣ್ಣ, ಈ ಅಂಚು ಯಾರು ಬರ್ದಿದ್ದು ಅಂತ. ಏನನ್ಲಿ?”

ನಾನು ನಾಚಿ, “ಕೊಳ್ಳೇಗಾಲದವರು ಅನ್ನಿ,” ಎನ್ನುವಷ್ಟರಲ್ಲಿ ಒಳಗಿನಿಂದ ಜಯಳ ದನಿ ಬಂತು: “ನಮ್ಮನೇವ್ರು ಬರ್ದಿದ್ದು ಅನ್ನಕ್ಕ!”

ನಾನು ಸಿದ್ದರಾಜುವಿಗೆ ಫೋನ್ ಮಾಡಿದೆ. “ಹೊಸದೇ ತಂದುಬಿಡಪ್ಪ. ಪರದೆ ಮಾತ್ರ ದೊಡ್ಡದಿರಲಿ. ಗಿಣಿಗಳು ಬರ್ತಾ ಇವೆ.”